ಸಿಟ್ಟು, ಕೋಪ, ಮುನಿಸು ಮತ್ತು ಒಂದು ಕತ್ತರಿ

ಬೀದಿಯವರೆಲ್ಲ 'ಮಿಕ್ಸಿ ಮಹಾಶಯರು' ಎಂದೇ ಕರೆಯುವ ರಿಪೇರಿ ಅಂಗಡಿಯ ಯಜಮಾನರಿಗೆ ಮಗಳ ಟೀಚರ ಮೇಲೆ ಭಾರಿ ಅಸಮಾಧಾನ. ಸಿಟ್ಟು, ಕೋಪ, ಮುನಿಸು, ಈ ಮೂರಕ್ಕೂ ಏನು ವ್ಯತ್ಯಾಸ ಎಂದು ಮನೆಯಲ್ಲಿ ಕೇಳಿ ತಿಳಿದುಕೊಂಡು ಬಾ ಎಂದು ಆಕೆ ಹೇಳಿ ಕಳಿಸಿದ್ದರು. ಮಗು ಕೇಳಿದಾಗ ಮಹಾಶಯರು ಆಮೇಲೆ ಹೇಳುತ್ತೇನೆಂದು ಜಾರಿಕೊಂಡರು. ಗೊತ್ತಿಲ್ಲ ಎನ್ನಲು ಅಪ್ಪನೆಂಬ ಬಿಗುಮಾನ ಬಿಡಲಿಲ್ಲ.

ಅವರ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಯಂತ್ರದ ಗುಣ ತಿಳಿಯಬೇಕಾದರೆ ಬೇಕೆಂದೇ ಒಂದು ತಂತಿ ಕಳಚಿ, ಅದು ಹೇಗೆ ಕೆಡುತ್ತದೆಂದು ನೋಡುವುದು. ಈ ಘನಶಾಸ್ತ್ರವನ್ನು ಮನೆಗೂ ಅನ್ವಯಿಸಬಹುದೆಂದು ಹೊಳೆದದ್ದೇ ತಡ, ಪ್ರಯೋಗಕ್ಕೆ ಹೆಂಡತಿಯನ್ನು ಆರಿಸಿಕೊಂಡರು. (ಒಪ್ಪಿಗೆ ಕೇಳಲಿಲ್ಲ. ಮಿಕ್ಸಿಗಳನ್ನೂ ಅವರು ಕೇಳಿದವರಲ್ಲ.)

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಹಾಶಯರು ಮೊದಲು ಅವಳ ಕತ್ತರಿ ಬಚ್ಚಿಟ್ಟರು. ಅವಳು ಮನೆಯೆಲ್ಲ ತಡಕಾಡಿ, ಕೊನೆಗೆ ಗಂಡನ ಜೇಬಿನಲ್ಲಿ ಕಂಡು, ನಾಲ್ಕು ಮಾತು ಅಂದು ಕೆಲಸಕ್ಕೆ ಕೂತಳು. ಇದು ಸಿಟ್ಟು ಎಂದು ಮಗಳ ಕಿವಿಯಲ್ಲಿ ಉಸುರಿದರು. ಆಮೇಲೆ ಅದೇ ಕತ್ತರಿಯಿಂದ ಹಳೇ ರಟ್ಟಿನ ಪೆಟ್ಟಿಗೆಯನ್ನು ಕಚಕಚ ಕತ್ತರಿಸತೊಡಗಿದರು. ಬಟ್ಟೆಯ ಕತ್ತರಿಗೆ ಕಾಗದ, ರಟ್ಟು ತಾಕಿಸಿದರೆ ಅದು ಮೊಂಡಾಗುತ್ತದೆ, ಹೊಲಿಯುವವರಿಗೆ ಎದೆಗೇ ಕತ್ತರಿ ಹಾಕಿದಂತೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರಿಗೇನು, ಪಕ್ಕದ ಮನೆಯವರಿಗೂ ಗೊತ್ತಾಯಿತು. ಇದು ಕೋಪ ಎಂದರು, ಮಂಚದ ಹಿಂದಿನಿಂದ.

ಉಳಿದದ್ದು ಮುನಿಸು. ನಿಮ್ಮಕ್ಕನ ಹೊಲಿಗೆ ನಿನ್ನದಕ್ಕಿಂತ ನಾಜೂಕು ಎಂದು ಹೆಂಡತಿಗೆ ಅಂದುಬಿಟ್ಟರು. ಲೆಕ್ಕದ ಪ್ರಕಾರ ಅವಳು ಮುಖ ತಿರುಗಿಸಬೇಕಿತ್ತು, ಮಾತು ಬಿಡಬೇಕಿತ್ತು. ಅವಳು ನಕ್ಕಳು.

"ಹೌದು ರೀ, ಸರಿಯಾಗಿ ಹೇಳಿದ್ರಿ."

ಊಟಕ್ಕೂ ಅವಳೇ ಕರೆದಳು, ಬೇಡವೆಂದರೂ ಮತ್ತೆ ಬಡಿಸಿದಳು. ಇದು ಸಿಟ್ಟಲ್ಲ, ಕೋಪವಲ್ಲ, ಮುನಿಸಂತೂ ಅಲ್ಲವೇ ಅಲ್ಲ. ಇದಕ್ಕೆ ಏನೆನ್ನುತ್ತಾರೆ ಎಂದು ಮಗಳು ಕೇಳಿದಳು. ಇನ್ನೆಂದೂ ಹೆಂಡತಿ ಮೊದಲಿನ ಹಾಗೆ ಬಾಯ್ತುಂಬ ಬೈಯದೇ ಹೋದರೆ ಬಾಳುವುದು ಹೇಗೆಂದು ಮಹಾಶಯರಿಗೆ ನಿಜಕ್ಕೂ ಭಯವಾಯಿತು.

ತಡೆಯಲಾರದೆ ಪ್ರಯೋಗದ ಕಥೆಯನ್ನೆಲ್ಲ ಬಾಯಿಬಿಟ್ಟರು. ಅವಳು ಪೂರ್ತಿ ಕೇಳಿಸಿಕೊಂಡಳು, ಪರವಾಗಿಲ್ಲ ಬಿಡಿ ಎಂದಳು, ಹೋಗಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಳು.

ಮಹಾಶಯರು ಮಗಳತ್ತ ಬಗ್ಗಿದರು. "ಅಮ್ಮ ಕ್ಷಮಿಸಿದಳು, ಅಲ್ವಾ?"

"ಇಲ್ಲಪ್ಪ. ಸಹಿಸ್ಕೊಂಡಿದ್ದಾಳೆ."

"ಎರಡೂ ಒಂದೇ ಅಲ್ವೇನೇ?"

ಮೆಷಿನ್ನು ಗಕ್ಕನೆ ನಿಂತಿತು. "ಪುಟ್ಟೀ, ನಾಳೆ ಸ್ಕೂಲಿಗೆ ಹೋಗುವಾಗ ನಿಮ್ಮಪ್ಪನ್ನೂ ಕರ್ಕೊಂಡು ಹೋಗು. ಪಕ್ಕದಲ್ಲೇ ಕೂರಿಸ್ಕೋ," ಎಂದಳು ಹೆಂಡತಿ.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅದು ಬರೀ ನಗುವೋ, ಗೇಲಿಯೋ ಮಹಾಶಯರಿಗೆ ತಿಳಿಯಲಿಲ್ಲ. ಕೇಳಿದರೆ ಅದಕ್ಕೂ ಪಾಠ ಶುರುವಾದೀತೆಂದು ಹೆದರಿ ತಾವೂ ನಕ್ಕುಬಿಟ್ಟರು.