ಭೀಮಕ್ಕ ಗುದ್ದಿದ ಮರ

ಎಪ್ಪತ್ತು ದಾಟಿದ ಭೀಮಕ್ಕನಿಗೆ ಉಳಿದಿದ್ದುದು ಒಂದೇ ಆಸೆ. ಮಗ ದಯಾನಂದನ ಹೊಸ ಕಾರನ್ನು ಒಂದು ಸಲ ತಾನೇ ಓಡಿಸಬೇಕು. ಮಗನನ್ನು ಕೇಳಿದರೆ ಬೈಯುತ್ತಾನೆ. ಅದಕ್ಕೇ ಆ ಶನಿವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದ ಹೊತ್ತು ನೋಡಿ, ನಾಲ್ಕು ದಿನ ಇದ್ದು ಹೋಗಲು ಶೆಟ್ಟಿಕೆರೆಗೆ ಬಂದಿದ್ದ ಅಳಿಯ ಮೋಹನ್ ಕುಮಾರನನ್ನು ಅಂಗಳಕ್ಕೆ ಕರೆದಳು.

"ಒಂದೇ ಒಂದು ರೌಂಡು ಅಳಿಯಂದ್ರೆ. ಜೋಡೆತ್ತಿನ ಗಾಡಿ ಹೊಡೆದೋಳಿಗೆ ಇದ್ಯಾವ ಮಹಾ?"

ಅತ್ತೆಗೆ ಇಲ್ಲ ಎಂದು ಹೇಳಿ ಮೋಹನ್ ಕುಮಾರನಿಗೆ ಅಭ್ಯಾಸವಿರಲಿಲ್ಲ. ಅವಳಿಗೆ ಬೆಲ್ಟು ಬಿಗಿದು, ಬ್ರೇಕು ಯಾವುದೆಂದು ಎರಡೆರಡು ಸಲ ತೋರಿಸಿಕೊಟ್ಟು ಪಕ್ಕದಲ್ಲಿ ಕುಳಿತ. ಕಾರು ಅಂಗಳ ದಾಟಿತು, ಬೇಲಿ ದಾಟಿತು, ನೆರೆಮನೆಯ ಗಿಡ್ಡಯ್ಯನ ತೆಂಗಿನಮರವನ್ನು ಮಾತ್ರ ದಾಟಲಿಲ್ಲ. ಭೀಮಕ್ಕ "ಹೋ, ಹೋ!" ಎಂದು ಎತ್ತು ನಿಲ್ಲಿಸುವ ಹಾಗೆ ಕೂಗಿದಳೇ ಹೊರತು ಬ್ರೇಕು ಒತ್ತಲಿಲ್ಲ.

"ನನ್ ಹೆಸ್ರು ಎತ್ತಿದ್ರೆ ನನ್ನಾಣೆ!" ಎಂದವಳೇ ಇಳಿದು ಹೋಗಿ ಪೊರಕೆ ಹಿಡಿದು, ಬೆಳಗಿನಿಂದಲೂ ಅಲ್ಲೇ ಗುಡಿಸುತ್ತಿದ್ದವಳಂತೆ ನಿಂತಳು.

ಗಿಡ್ಡಯ್ಯ ಪಂಚೆ ಎತ್ತಿಕೊಂಡು ಓಡಿ ಬಂದ. "ಏನ್ ಸ್ವಾಮಿ, ಅಷ್ಟು ದಪ್ಪ ಮರ ಕಾಣ್ಲಿಲ್ವಾ?"

"ನಾಯಿ ಅಡ್ಡ ಬಂತು" ಎಂದ ಮೋಹನ್ ಕುಮಾರ.

"ಯಾವ ಬಣ್ಣದ್ದು?"

"ಕರೀದು."

"ಈ ಬೀದಿಗಿರೋ ಕರಿ ನಾಯಿ ನಂದೊಂದೇ. ಅಗೋ, ಕಟ್ಟಾಕಿವ್ನಿ ನೋಡಿ."

"ಹಂಗಾದ್ರೆ ಕಾಡುಹಂದಿ ಇರ್ಬೇಕು."

ಹಂದಿ ಎಂದದ್ದೇ ತಡ, ಬೀದಿಯೆಲ್ಲ ಸೇರಿತು. ಒಬ್ಬ ಹೆಜ್ಜೆ ಗುರುತು ಹುಡುಕತೊಡಗಿದ, ಇನ್ನೊಬ್ಬ ಫಾರೆಸ್ಟಿನವರಿಗೆ ಫೋನ್ ಹಚ್ಚಿದ. ಒದ್ದೆ ತಲೆಯಲ್ಲೇ ಹೊರಗೆ ಬಂದ ದಯಾನಂದ, ಆಕಳಿಸಿದ ಹಾಗೆ ಬಾಯಿ ತೆರೆದಿದ್ದ ಬಾನೆಟ್ಟನ್ನು ನೋಡಿದ.

"ಎಷ್ಟು ಸ್ಪೀಡಲ್ಲಿದ್ರಿ ಭಾವ?"

"ಹತ್ತು... ಹತ್ತರೊಳಗೇ."

"ಹತ್ತಕ್ಕೆ ಇಷ್ಟು ಜಜ್ಜುತ್ತಾ?" ದಯಾನಂದ ತಿಪಟೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗುಮಾಸ್ತ. "ನಮ್ಮ ಗಿರಿಜಾಂಬಿಕಾ ಮೇಡಂ ಇದನ್ನೇ ಓದ್ತಿರೋದು. ಎಷ್ಟು ಸ್ಪೀಡಿತ್ತು, ಒಳಗೆ ಕೂತೋರು ಹೆಂಗೆ ಮುಗ್ಗರಿಸಿದ್ರು, ಎಲ್ಲಾ ಕಂಪ್ಯೂಟರಲ್ಲಿ ಆಡ್ಸಿ ತೋರಿಸ್ತಾರೆ. ತೆಂಗಿನಮರಕ್ಕೆ ಗುದ್ದಿದ ಕಾರು ಒಂದೂ ಸಿಕ್ಕಿಲ್ಲ ಅಂತ ಕಾಯ್ತಾವ್ರೆ. ನಡೀರಿ!"

ಮೋಹನ್ ಕುಮಾರ ಪೊರಕೆ ಹಿಡಿದಿದ್ದ ಅತ್ತೆಯ ಕಡೆ ನೋಡಿದ. ಬಾನೆಟ್ಟನ್ನು ತೆಂಗಿನ ಹಗ್ಗದಲ್ಲಿ ಬಿಗಿದು ಹೊರಟರು. ಮರ ತನ್ನದೆಂದು ಗಿಡ್ಡಯ್ಯನೂ ಹತ್ತಿದ. ಅಳಿಯನ ಬಾಯಿ ಕಾಯಲು ಭೀಮಕ್ಕನೂ ಹತ್ತಿ, ತಿಪಟೂರು ಬರುವವರೆಗೆ ಮೊಣಕೈಯಲ್ಲಿ ತಿವಿಯುತ್ತಲೇ ಇದ್ದಳು.

ಕಾಲೇಜಿನ ತಮ್ಮ ಕೋಣೆಯಿಂದ ಗಿರಿಜಾಂಬಿಕಾ ಮೇಡಂ ಹೊರಗೆ ಹೋಗಿ ಕಾರನ್ನು ಒಂದು ಸುತ್ತು ನೋಡಿ, ಫೋಟೊ ತೆಗೆದುಕೊಂಡು ಬಂದರು. "ಕೂತ್ಕೊಳ್ಳಿ, ತೋರಿಸ್ತೀನಿ" ಎಂದು ಕಂಪ್ಯೂಟರಿನ ಒಂದು ಗುಂಡಿ ಒತ್ತಿದರು.

ಪರದೆಯ ಮೇಲೆ ಸದ್ದಿಲ್ಲದೆ ಒಂದು ಕಾರು ಬಂತು. ಎದುರಿಗೆ ಉದ್ದನೆಯ ಕಂಬದಂಥದ್ದು. ಕಾರು ಅದನ್ನು ಮುಟ್ಟಿತು, ಆಮೇಲೆ ಕಾಲವೇ ನಿಧಾನವಾಯಿತು. ಬಾನೆಟ್ಟು ಮಡಿಸಿದ ಚಾಪೆಯಂತೆ ಒಂದೊಂದೇ ಪದರವಾಗಿ ಏಳುತ್ತಿತ್ತು. ತಗಡಿನ ಮೇಲೆ ನೀಲಿ, ಹಸಿರು, ಕೆಂಪು ಬಣ್ಣಗಳು ಕೆರೆಯ ನೀರಿನ ಅಲೆಯಂತೆ ಹಿಂದಕ್ಕೆ ಹರಿದವು. "ಕಾರನ್ನ ಲಕ್ಷಾಂತರ ಚೂರಾಗಿ ಮಾಡಿರ್ತೀವಿ. ಯಾವ ಚೂರಿಗೆ ಎಷ್ಟು ಪೆಟ್ಟು ಅಂತ ಒಂದೊಂದರ ಲೆಕ್ಕಾನೂ ಹಾಕುತ್ತೆ. ನಿಜವಾಗಿ ಇದೆಲ್ಲ ಆಗೋದು ಕಣ್ಣು ಮಿಟುಕಿಸೋ ಅಷ್ಟರಲ್ಲಿ" ಎಂದರು ಮೇಡಂ. ಕಾರಿನ ಮೈ ಗಾಜಿನಂತಾಯಿತು. ಒಳಗಿದ್ದ ಬೂದು ಬಣ್ಣದ ಬೊಂಬೆಯ ತಲೆ, ದೇವರಿಗೆ ಬಾಗಿದಂತೆ ಮೆಲ್ಲಗೆ ಮುಂದಕ್ಕೆ ಬಾಗಿತು. ಬೆಲ್ಟು ಅದನ್ನು ತಾಯಿಯ ಕೈಯಂತೆ ತಡೆದು ಹಿಡಿಯಿತು. ಮೋಹನ್ ಕುಮಾರನ ಕೈ ತಾನಾಗಿ ಎದೆಗೆ ಹೋಯಿತು. ಮನುಷ್ಯನ ಕಣ್ಣಿಗೆ ಬೀಳದ್ದನ್ನೂ ಬಿಡದೆ ನೋಡುವ ಇದಕ್ಕೆ ಏನನ್ನು ಮುಚ್ಚಿಡುವುದು?

ಆಗ ಅವನಿಗೆ ಬೊಂಬೆಯ ತಲೆಯ ಹಿಂದೆ ದುಂಡಗೆ ಏನೋ ಕಂಡಿತು.

"ಅತ್ತೇ! ನಿಮ್ಮ ತುರುಬೂ ಬಂದ್ಬುಟ್ಟೈತೆ!" ಎಂದು ಎದ್ದು ನಿಂತು ಪರದೆಗೆ ಕೈಮುಗಿದ. "ತಪ್ಪಾಯ್ತು. ಹಂದೀನೂ ಇಲ್ಲ, ನಾಯೀನೂ ಇಲ್ಲ. ಓಡ್ಸಿದ್ದು ನಾನಲ್ಲ, ಅತ್ತೆ!"

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಸಾರ್, ಇದು ಸಾಫ್ಟ್‌ವೇರ್ ಜೊತೆ ಬಂದಿರೋ ನಮೂನೆ. ಯಾವುದೋ ದೇಶದ ಕಾರು, ಕಬ್ಬಿಣದ ಕಂಬ. ನಿಮ್ಮ ಕಾರನ್ನ ನಾನಿನ್ನೂ ಅಳತೇನೇ ಮಾಡಿಲ್ಲ. ಅದು ತುರುಬಲ್ಲ, ಸೀಟಲ್ಲಿ ತಲೆ ಆನಿಸೋ ದಿಂಬು."

"ಹಂಗಾದ್ರೆ ಹಂದಿ?" ಎಂದ ಗಿಡ್ಡಯ್ಯ, ಬೇಸರದಿಂದ.

ಭೀಮಕ್ಕ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. "ಇಷ್ಟೆಲ್ಲಾ ನನ್ ಸುತ್ತ ಆಯ್ತೇನವ್ವಾ? ನಂಗೆ ಡಬ್ ಅಂದಿದ್ದೊಂದೇ ಗೊತ್ತು!"

ಮೇಡಂ ಮುಖ ಅರಳಿತು. "ನೀವೇ ಓಡ್ಸಿದ್ದಾ ಅಮ್ಮಾ? ನನ್ನ ಹತ್ರ ಇರೋ ಬೊಂಬೆಗಳೆಲ್ಲಾ ಗಂಡಸರ ಅಳತೆಯವು. ನಿಮ್ಮ ವಯಸ್ಸಿನ ಹೆಂಗಸರ ಲೆಕ್ಕ ಒಂದೂ ಇಲ್ಲ. ಸೋಮವಾರ ಬಂದು ಅಳತೆ ಕೊಡ್ತೀರಾ?"

"ನಮ್ಮ ಮರಕ್ಕೇ ಗುದ್ದಿದ್ದು ಮೇಡಂ!" ಗಿಡ್ಡಯ್ಯ ಎದೆಯುಬ್ಬಿಸಿದ.

ದಯಾನಂದ ಅಮ್ಮನನ್ನು ಹೊಸಬಳನ್ನು ನೋಡುವಂತೆ ನೋಡಿದ. ಕೋಪವೆಲ್ಲ ಭಾವನ ಕಡೆಗೆ ತಿರುಗಿತು. "ವಯಸ್ಸಾದೋರ ಕೈಗೆ ಸ್ಟೇರಿಂಗ್ ಕೊಟ್ಟಿದ್ದೂ ಅಲ್ದೆ, ಹಂದಿ ಕತೆ ಬೇರೆ!"

ಭೀಮಕ್ಕನೂ ತಿರುಗಿದಳು. "ಆಣೆ ಹಾಕಿದ್ನಲ್ಲ ಅಳಿಯಂದ್ರೆ, ಅರ್ಧ ದಿನ ತಡ್ಕಳಾಕಾಗ್ಲಿಲ್ವಾ?"

ಸುಳ್ಳು ಹೇಳಿದ್ದಕ್ಕೂ ಬೈಗುಳ, ನಿಜ ಹೇಳಿದ್ದಕ್ಕೂ ಬೈಗುಳ. ಹೇಗಾದರೂ ಸರಿಮಾಡಿಕೊಳ್ಳೋಣವೆಂದು ಮೋಹನ್ ಕುಮಾರ ಮೆಲ್ಲಗೆ ಕೈ ಚಾಚಿದ.

"ಸೋಮವಾರ ಅತ್ತೇನ ನಾನೇ ಕರ್ಕಂಡ್ ಬತ್ತೀನಿ. ಕೀ ಕೊಡಿ."

ದಯಾನಂದ ಅವನ ಕೈ ದಾಟಿ ಕೀಯನ್ನು ಅಮ್ಮನ ಅಂಗೈಯಲ್ಲಿಟ್ಟ.

"ಬೇಕಾದ್ರೆ ನೀನೇ ಓಡ್ಸ್ಕಂಡ್ ಬಾರವ್ವ. ಭಾವನ ಕೈಗೆ ಮಾತ್ರ ಕೊಡ್ಬ್ಯಾಡ."