ಅಡ್ಡಹೆಸರು, ಅಡ್ಡಗುಂಡು

ನಮ್ಮ ಕಡೆ ಮನುಷ್ಯನಿಗೆ ಹೆಸರಿಗಿಂತ ಅಡ್ಡಹೆಸರೇ ಭಾರ. ಮೆಣಸಿನಕಾಯಿ ಎಂಬ ಅಡ್ಡಹೆಸರಿನ ನನ್ನ ಗೆಳೆಯನೊಬ್ಬನಿಗೆ ಸ್ವಲ್ಪ ಖಾರ ತಿಂದರೂ ಬಿಕ್ಕಳಿಕೆ ಹತ್ತುತ್ತದೆ. ಪಂಕ್ತಿಯಲ್ಲಿ ಕೂತವರೆಲ್ಲ ತಮ್ಮ ಊಟ ಬಿಟ್ಟು ಅವನ ತಾಟನ್ನೇ ನೋಡುತ್ತಾರೆ. ಹೀಗಿರುವಾಗ ನನ್ನ ಅಡ್ಡಹೆಸರು ಗುರಿಕಾರ ಎಂದರೆ ನನ್ನ ಕಷ್ಟ ನಿಮಗೆ ಅರ್ಧ ತಿಳಿದಂತೆ. ಇನ್ನರ್ಧ ಏನೆಂದರೆ, ನಾನು ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಗದ್ದಲ ಮಾಡುವವರತ್ತ ನಾನು ಎಸೆದ ಸೀಮೆಸುಣ್ಣ ಯಾವಾಗಲೂ ತೆಪ್ಪಗೆ ಬರೆಯುತ್ತಿರುವವರಿಗೇ ತಗಲುತ್ತದೆ. ಹೀಗಾಗಿ ನಾನು ಕೈ ಎತ್ತಿದರೆ ನನ್ನ ತರಗತಿಯಲ್ಲಿ ಒಳ್ಳೆಯ ವಿದ್ಯಾರ್ಥಿಗಳು ಮಾತ್ರ ತಲೆ ಬಗ್ಗಿಸುತ್ತಾರೆ.

ಈ ಹೆಸರಿಗೆ ತಕ್ಕವನಾಗಿದ್ದವನು ನಮ್ಮ ಅಜ್ಜ. ಅಡರಕಟ್ಟಿಯ ಹೊಲ ಕಾಯಲೆಂದು ಅವನ ಬಳಿ ಒಂದು ಬೇಟೆ ರೈಫಲ್ ಇತ್ತು. ಬಾವಿಯ ದಂಡೆಯ ಮೇಲೆ ನಿಂತು, ಆಚೆ ಬದುವಿನ ಹುಣಸೆಮರದ ತುದಿಯಲ್ಲಿದ್ದ ಒಂದೇ ಒಂದು ಕಾಯಿಯನ್ನು, ಅಕ್ಕಪಕ್ಕದ ಎಲೆ ಅಲುಗದಂತೆ ಉದುರಿಸಿದ್ದೆ ಎಂದು ಅಜ್ಜ ಹೇಳುತ್ತಿದ್ದ. ಅವನ ತೊಡೆಯ ಮೇಲೆ ಕೂತು ಈ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಪ್ಪ ಆ ಬಂದೂಕಿಗೆ ಮಹಾನವಮಿಗೊಮ್ಮೆ ಕುಂಕುಮ ಹಚ್ಚಿದ್ದು ಬಿಟ್ಟರೆ ಮುಟ್ಟಿದವನಲ್ಲ. ಅವನ ನಂತರ ಲೈಸೆನ್ಸು ನನ್ನ ಹೆಸರಿಗೆ ಬಂತು. ಬೇಟೆಗೆ ಈಗ ಕಾನೂನಿನ ಒಪ್ಪಿಗೆಯಿಲ್ಲ, ನನಗೆ ಧೈರ್ಯವೂ ಇಲ್ಲ. ಗದಗ-ಬೆಟಗೇರಿ ಕಡೆಯ ಒಂದು ರೈಫಲ್ ಕ್ಲಬ್ಬಿನಲ್ಲಿ ಕಾಗದಕ್ಕೆ ಹೊಡೆದಾದರೂ ಹೆಸರು ಉಳಿಸೋಣವೆಂದು ಹೊರಟೆ. ಅಂಗಡಿಯಲ್ಲಿ ನನ್ನ ಬಂದೂಕಿನ ಅಳತೆಗೇ ಎರಡು ಬಗೆಯ ಗುಂಡುಗಳಿದ್ದವು, ಒಂದು ಗಿಡ್ಡ, ಒಂದು ಉದ್ದ. ಸಂತೆಯಲ್ಲಿ ಸೌತೆಕಾಯಿ ಆರಿಸುವಾಗಲೂ ಉದ್ದನೆಯದಕ್ಕೇ ಕೈ ಹಾಕುವವನು ನಾನು. ಇಲ್ಲಿಯೂ ಹಾಗೇ ಮಾಡಿದೆ.

ಐದು ಗುಂಡು ಹಾರಿಸಿದೆ. ಕಾಗದದಲ್ಲಿ ಎರಡೇ ತೂತು, ಅವೂ ದುಂಡಗಿಲ್ಲ. ಗುಂಡು ಮೂತಿಯಿಂದ ಹೊಕ್ಕುವ ಬದಲು ಮಗ್ಗುಲಾಗಿ ಬಡಿದು ಉದ್ದಕ್ಕೆ ಹರಿದಿತ್ತು. ಕ್ಲಬ್ಬಿನ ಕಾರ್ಯದರ್ಶಿ ಕಾಗದ ಹಿಡಿದುಕೊಂಡು ಬಂದು, "ಗುರಿಕಾರ ಸರ, ನಿಮ್ಮ ಗುಂಡು ಭಾಳ ಸಂಸ್ಕಾರದ್ದು ನೋಡ್ರಿ. ಹಿರಿಯರನ್ನ ಕಂಡಂಗ ಅಡ್ಡಬಿದ್ದು ನಮಸ್ಕಾರ ಮಾಡೇತಿ" ಎಂದರು. ಎಲ್ಲರೂ ನಕ್ಕರು. ಸ್ವಲ್ಪ ತಡವಾಗಿ ನಾನೂ ನಕ್ಕೆ.

ಕಾರಿನಲ್ಲಿ ಮರಳುವಾಗ ವಿಚಾರ ಮಾಡಿದೆ. ಒಂದೋ ನನ್ನದು ತಪ್ಪು, ಇಲ್ಲವೇ ಬಂದೂಕಿನದು. ಮುಳಗುಂದ ದಾಟುವಷ್ಟರಲ್ಲಿ ಬಂದೂಕಿನದೇ ಎಂದು ಒಮ್ಮತದ ತೀರ್ಮಾನಕ್ಕೆ ಬಂದೆ. ಆದರೆ ಬಂದೂಕೇ ಸೊಟ್ಟಗಿದ್ದರೆ ಅಜ್ಜನ ಹುಣಸೆಕಾಯಿ? ಅದೂ ಸುಳ್ಳಾಗಬೇಕಲ್ಲ! ಮನೆಗೆ ಬಂದವನೇ, "ಈ ಹಾಳಾದ್ದನ್ನ ಪೊಲೀಸ್ ಠಾಣಿಗೆ ಒಪ್ಪಿಸಿ ಬರತೇನಿ" ಎಂದೆ. ಹೆಂಡತಿ ಶಾರದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಮೊದಲ ಬೆಟಗೇರಿ ಖಾದರಸಾಬರಿಗೆ ಒಂದ್ಸಲ ತೋರಸ್ರಿ. ಅಜ್ಜಾರ ಬಂದೂಕು ನೋಡತಿದ್ದವರು ಅವರ ಮನಿಯವರ ಅಲ್ಲೇನು?" ಎಂದಳು.

ಬಂದೂಕು ರಿಪೇರಿಯ ಖಾದರಸಾಬರು ಬಂದೂಕನ್ನು ನೋಡಲೇ ಇಲ್ಲ. ನನ್ನ ಗುಂಡೊಂದನ್ನು ಬೆರಳಲ್ಲಿ ಹಿಡಿದು ನಕ್ಕರು. "ಮಾಸ್ತರ, ಇದು ನಿಮ್ಮ ಬಂದೂಕಿನ ನಳಗಿಗೆ ಉದ್ದ ಆತು. ನಳಗಿ ಒಳಗ ಸುರುಳಿ ಗೆರಿ ಇರತಾವ, ಅವು ಗುಂಡಿಗೆ ತಿರುವು ಕೊಟ್ಟು ಬಿಡತಾವ. ನಿಮ್ಮಂಥಾ ಹಳೇ ನಳಗಿ ಸಾವಕಾಶ ತಿರುವತೈತಿ. ಗಿಡ್ಡ ಗುಂಡಿಗೆ ಅಷ್ಟ ಸಾಕು. ಉದ್ದಂದಕ್ಕ ಜೋರ್ ತಿರುವು ಬೇಕು, ಇಲ್ಲಂದ್ರ ತೂರಾಡಿ ಅಡ್ಡ ಆಗತೈತಿ. ಸಣ್ಣವರಿದ್ದಾಗ ಬುಗರಿ ಆಡಿಲ್ಲೇನ್ರಿ?" ಬುಗುರಿ ಏಕೆ ಬೀಳುವುದಿಲ್ಲ ಎಂಬ ಪಾಠವನ್ನು ಪ್ರತಿ ವರ್ಷ ಮಾಡುವ ನಾನು ಗುಂಡನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ. "ನನ್ನ ಕಣ್ಣು ಮಂಜಾಗ್ಯಾವ. ಎಷ್ಟು ಇಂಚಿಗೆ ಒಂದು ಸುತ್ತು ಬರತೈತಿ, ಮನ್ಯಾಗ ಅಳದು ಹೇಳ್ರಿ" ಎಂದು ಉಪಾಯ ಹೇಳಿಕೊಟ್ಟರು.

ಬಂದೂಕು ಖಾಲಿ ಇದೆಯೆಂದು ಎರಡೆರಡು ಸಲ ನೋಡಿ, ಮನೆಯಲ್ಲಿ ನಾನೂ ಶಾರದಾಳೂ ಅಳತೆಗೆ ಕೂತೆವು. ನಳಿಗೆ ಒರೆಸುವ ಸರಳಿನ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಮೇಲೆ ಒಂದು ಗುರುತು ಹಾಕಿ, ಒಳಗೆ ದೂಡಬೇಕು. ಗುರುತು ಒಂದು ಸುತ್ತು ತಿರುಗಿ ಮತ್ತೆ ಮೇಲೆ ಬರುವಷ್ಟರಲ್ಲಿ ಸರಳು ಎಷ್ಟು ಒಳಗೆ ಹೋಯಿತೋ ಅದೇ ಅಳತೆ. ಶಾರದಾ ಉಗುರುಬಣ್ಣದ ಚುಕ್ಕೆ ಇಟ್ಟಳು. ನಾನು ದೂಡಿದೆ. ಚುಕ್ಕೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. "ನೋಡು! ಸುರುಳಿನ ಇಲ್ಲ. ಎಲ್ಲಾ ಸವದು ಹೋಗೇತಿ!" ಎಂದು ಗೆದ್ದವನಂತೆ ಕೂಗಿದೆ.

"ರೀ, ಹಿಡಿಕಿನ ನೀವು ಹಿಂಗ ಬಿಗಿಹಿಡಕೊಂಡ್ರ ಅದು ಹೆಂಗ ತಿರಗಬೇಕು? ಇಪ್ಪತ್ತು ವರ್ಷದಿಂದ ಮನಿ ಒಳಗೂ ಹಿಂಗ ಮಾಡಾಕತ್ತೀರಿ. ಕೈ ಸಡಿಲ ಬಿಡ್ರಿ" ಎಂದು ಸರಳು ಕಸಿದುಕೊಂಡಳು. ಅವಳ ಬೆರಳುಗಳ ನಡುವೆ ಅದು ತಾನಾಗಿಯೇ ತಿರುಗುತ್ತ ಒಳಗೆ ಹೋಯಿತು. ಹೊಲಿಗೆ ಟೇಪಿನಲ್ಲಿ ಅಳೆದರೆ ಹದಿನಾಲ್ಕು ಇಂಚಿಗೆ ಒಂದು ಸುತ್ತು.

ಫೋನಿನಲ್ಲಿ ಅಳತೆ ಕೇಳಿದ ಖಾದರಸಾಬರು, "ನಾ ಅಂದಂಗ ಆತು. ನಿಮ್ಮ ಅಜ್ಜಾರು ಗಿಡ್ಡ ಗುಂಡನ್ನ ಒಯ್ತಿದ್ರು, ಉದ್ದಂದು ತೋರಿಸಿದ್ರ ನಮ್ಮಪ್ಪಗ ಬೈತಿದ್ರು. ಹುಣಸಿಕಾಯಿ ಉದುರಿಸಿದ ದಿನ ಬಾವಿ ದಂಡಿ ಮ್ಯಾಲೆ ನಮ್ಮಪ್ಪನೂ ನಿಂತಿದ್ದ" ಎಂದರು. ಅಜ್ಜ ಸುಳ್ಳು ಹೇಳಿರಲಿಲ್ಲ. ಅವನ ಫೋಟೋದ ಮುಂದೆ ನಿಂತು ತಪ್ಪಾಯಿತೆಂದು ಕೈಮುಗಿದೆ.

ಮರು ಭಾನುವಾರ ಗಿಡ್ಡ ಗುಂಡು ಹಾಕಿ, ಉಸಿರು ಬಿಗಿಹಿಡಿದು ಐದೂ ಹಾರಿಸಿದೆ. ನನ್ನ ಕಾಗದ ಅಂಗಡಿಯಿಂದ ತಂದಂತೆಯೇ ಇತ್ತು. ಪಕ್ಕದಲ್ಲಿ ಹೊಡೆಯುತ್ತಿದ್ದ ಮುಂಡರಗಿಯ ಹತ್ತಿ ವ್ಯಾಪಾರಿಯ ಕಾಗದದಲ್ಲಿ ಮಾತ್ರ ಐದು ಗುಂಡಿಗೆ ಹತ್ತು ತೂತುಗಳಿದ್ದವು. ಅವುಗಳಲ್ಲಿ ಐದು ನಟ್ಟನಡುವೆ, ಅಂಗೈಯಿಂದ ಮುಚ್ಚುವಷ್ಟು ಒತ್ತೊತ್ತಾಗಿ, ಕಂಪಾಸಿನಿಂದ ಬರೆದಷ್ಟು ದುಂಡಗೆ. ವ್ಯಾಪಾರಿ ನನ್ನ ಕೈ ಕುಲುಕಿ, "ಮಾಸ್ತರ, ನಡುವಿನ ಐದೂ ನಿಮ್ಮವ. ವಾರಾ ತಪ್ಪದ ಬರ್ರಿ ನೀವು" ಎಂದರು. ಅಜ್ಜ ಸರಿ, ಬಂದೂಕು ಸರಿ, ಈಗ ಗುಂಡೂ ಸರಿ. ಇಷ್ಟು ದಿನ ತಪ್ಪು ಹೊರಿಸಲು ಮನೆಯಲ್ಲಿ ಒಂದು ಬಂದೂಕಾದರೂ ಇತ್ತು.

"ಇವತ್ತೂ ಅಡ್ಡ ಹೋತೇನ್ರಿ?" ಎಂದು ಶಾರದಾ ಬಾಗಿಲಲ್ಲೇ ಕೇಳಿದಳು. "ಇಲ್ಲ, ನೆಟ್ಟಗ ಹೋತು" ಎಂದೆ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನಮ್ಮ ಮನೆಯಲ್ಲಿ ಅಡ್ಡವಾಗಿ ಉಳಿದಿರುವುದು ಹೆಸರೊಂದೇ.