ಕಪಾಟದೊಳಗಿನ ಓಲ

ಸೋಲಾಪುರ ಒಣ ಊರು. ಆದರೆ ಧೂಳಪ್ಪನ ಅಡುಗೆಮನೆಯ ಕಪಾಟು ಮಾತ್ರ ಕೊಂಕಣದಲ್ಲಿತ್ತು. ಹೊರಗೆ ಬಿಸಿಲು ಹೆಂಚಿನಂತೆ ಕಾದಿದ್ದರೂ ಗೋಡೆಯೊಳಗಿನ ಆ ಕಪಾಟಿನ ಬಾಗಿಲು ತೆಗೆದರೆ ಸಾಕು, ಪಾಳುಬಾವಿ ಆಕಳಿಸಿದಂತೆ ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಹಿಂದಿನ ಗೋಡೆಗೆ ಕರ್ರಗೆ ಬೂಷ್ಟು ಹಿಡಿದಿತ್ತು. ಮೇಲಿನ ಮನೆಯ ಬಚ್ಚಲ ಪೈಪು ಆ ಗೋಡೆಯೊಳಗೇ ಇಳಿದು, ಅಲ್ಲೇ ಒಡೆದಿತ್ತು.

ಝೋಪಡಿ ಕೆಡವಿ ಸರಕಾರ ಕೊಟ್ಟ ಪಕ್ಕಾ ಮನೆ ಅದು. ಝೋಪಡಿ ಮಳೆಗಾಲದಲ್ಲಷ್ಟೇ ಸೋರುತ್ತಿತ್ತು. ಇದು ಹನ್ನೆರಡು ತಿಂಗಳೂ ಪಕ್ಕಾ ಸೋರುತ್ತಿತ್ತು. ಬಡವರಿಗೆಂದು ಕಟ್ಟಿದ ಈ ಕಟ್ಟಡದ ಮೇಲಿನ ಮನೆ ನಿವೃತ್ತ ಹೆಡ್‌ಕ್ಲಾರ್ಕ್ ಪಂಢರಿನಾಥರಾವ್ ಅವರಿಗೆ ಹೇಗೆ ಸಿಕ್ಕಿತೆಂದು ಯಾರೂ ಕೇಳಿರಲಿಲ್ಲ. ಕೇಳುವವರು ಕೆಳಗಿದ್ದರು, ನೀರು ಮೇಲಿನಿಂದ ಬರುತ್ತಿತ್ತು.

ಧೂಳಪ್ಪ ಟವೆಲ್ ಕಾರಖಾನೆಯ ಕೂಲಿ. ಹೆಂಡತಿ ಪುತಳಾಬಾಯಿ ಖಡಕ್ ರೊಟ್ಟಿ ಬಡಿದು ಅಂಗಡಿಗೆ ಹಾಕುತ್ತಿದ್ದಳು. ಇಲಿ ಮುಟ್ಟದಂತೆ ರೊಟ್ಟಿ ಇಡಲು ಆ ಎರಡು ಕೋಣೆಯ ಮನೆಯಲ್ಲಿ ಇದ್ದ ಜಾಗ ಆ ಕಪಾಟೊಂದೇ. ಅಂಗಡಿಯ ಶಾಂತಲಿಂಗಪ್ಪ ರೊಟ್ಟಿಯನ್ನು ನೋಡಿ ಕೊಳ್ಳುವವನಲ್ಲ, ಕೇಳಿ ಕೊಳ್ಳುವವ. ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದ, 'ಟಕ್' ಅನ್ನಬೇಕು. ಗೋಡೆಯ ತೇವ ರೊಟ್ಟಿಗೂ ಇಳಿದು, ತಿಂಗಳಿನಿಂದ ಅನ್ನುತ್ತಿರಲಿಲ್ಲ.

"ಪುತಳಾಬಾಯಿ, ನಿನ್ನ ರೊಟ್ಟಿ ಮೂಕ ಆಗ್ಯಾವು," ಎಂದಿದ್ದ ಅವನು. "ಮ್ಯಾಲ ಹಸರ ಬೂಷ್ಟು ಬ್ಯಾರೆ. ಈ ವಾರದಾಗ ಸುದ್ದ ಆಗಲಿಲ್ಲಂದ್ರ ಬ್ಯಾರೆದವರ ಕಡೆ ತಗೋತೀನಿ ನೋಡು."

ಅದಕ್ಕೇ ಧೂಳಪ್ಪ ಮನೆ ಕೊಟ್ಟ ಘರಕುಲ ಕಚೇರಿಗೆ ಫೋನು ಮಾಡಿದ್ದ. ಫೋನೆತ್ತಿದ ಪ್ರಸಾದ ಎಂಬ ಕ್ಲಾರ್ಕು ಇವನ ಒದ್ದಾಟದ ಮರಾಠಿ ಕೇಳಿ, "ಕನ್ನಡದಾಗ ಮಾತಾಡ್ರಿ ಮಾಮಾ, ನಾನೂ ಅಕ್ಕಲಕೋಟದಾಂವ," ಅಂದ. ಧೂಳಪ್ಪನ ಕಣ್ಣು ತುಂಬಿತು. ಆದರೂ ಕಚೇರಿ ಎಂದಮೇಲೆ ಒಂದಾದರೂ ಮರಾಠಿ ಮಾತು ಮರ್ಯಾದೆಗೆ ಇರಲೆಂದು, ಗೋಡೆಯ ತೇವಕ್ಕೆ ಹಸಿ ಅನ್ನುವಲ್ಲಿ ಮರಾಠಿಯ 'ಓಲ' ಅಂದ. ಮನೆಯನ್ನು ಮನಿ, ಶಾಲೆಯನ್ನು ಸಾಲಿ ಮಾಡುವ ನಾಲಗೆ ಓಲವನ್ನೂ ಬಿಡಲಿಲ್ಲ.

"ನಮ್ಮ ಕಪಾಟದಾಗ ಓಲಿ ಐತ್ರಿ."

"ಕಪಾಟದಾಗ? ಅಯ್ಯಯ್ಯ! ಬರಕೊಂಡೆ. ಶನಿವಾರ ಸಾಹೇಬ್ರು ಬರ್ತಾರ."

ಆ ಶನಿವಾರ ಬೆಳಗ್ಗೆ ಪುತಳಾಬಾಯಿ ಶಾಂತಲಿಂಗಪ್ಪನಿಗೆ ಇನ್ನೊಂದು ವಾರದ ಸೈರಣೆ ಬೇಡಲು ಹೋದಳು. "ಕಪಾಟ ಹೆಂಗೈತಿ ಹಂಗ ಇರ್ಲಿ. ಸಾಹೇಬ ಕಣ್ಣಿಲೆ ನೋಡ್ಲಿ," ಎಂದು ಗಂಡನಿಗೆ ಮೂರು ಸಲ ಹೇಳಿದ್ದಳು.

ಅವಳು ಮೆಟ್ಟಿಲಿಳಿಯುವುದಕ್ಕೂ ಪಂಢರಿನಾಥರ ಹೆಂಡತಿ ಜಾನಕೀಬಾಯಿ ಮೂಗಿಗೆ ಸೆರಗು ಹಿಡಿದು ಇಳಿಯುವುದಕ್ಕೂ ಸರಿಹೋಯಿತು. ಆಕೆ ಧೂಳಪ್ಪನ ಹೊಸ್ತಿಲು ಎಂದೂ ದಾಟಿದವಳಲ್ಲ. ದಾಟುತ್ತಿದ್ದುದು ಉಪದೇಶ ಮಾತ್ರ.

"ಧೂಳಪ್ಪಾ, ಸಾಹೇಬ್ರಿಗೆ ಇಂಥಾ ಕರೀ ಗ್ವಾಡಿ ತೋರಸ್ತೀಯೇನು? ಇಡೀ ಬಿಲ್ಡಿಂಗಿನ ಮಾನ ಹೋಗ್ತದ. ನಿಮ್ಮ ಮಂದಿ ಸುಕ್ಕಾ ಮೀನ ಇಟ್ಟ ವಾಸನಿ ಅಂತ ಬರದಾರು, ನೋಡ್ಕೋ!"

"ಮೀನ ಇಲ್ರೀ ಬಾಯಿ, ಅದು ನಿಮ್ಮ ಬಚ್ಚಲದ್ದು..."

"ನೀರಿಗೆ ಹೆಸರಿರ್ತದೇನೋ? ತಗೋ, ಸುಣ್ಣ ಬಳಿ. ಕರ್ಪೂರನೂ ಇಡು." ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಕೈ ಹಿಂದೆಗೆದುಕೊಂಡಳು.

ಸಾಹೇಬರು ಬರುತ್ತಾರೆಂದರೆ ಬಡವರ ಓಣಿಗೆ ಸುಣ್ಣ ಬೀಳುತ್ತದೆ. ರೋಗವೆಲ್ಲ ಸುಣ್ಣದ ಕೆಳಗೆ ಕೂರುತ್ತದೆ. ಹುಟ್ಟಿದಾಗಿನಿಂದ ಅದನ್ನೇ ನೋಡಿ ಬೆಳೆದ ಧೂಳಪ್ಪನ ಕೈ, ತಲೆಯನ್ನು ಕೇಳದೆ ಸುಣ್ಣಕ್ಕೆ ಹೋಯಿತು. ಗೋಡೆ ಮದುಮಗನಂತೆ ಬೆಳಗಿತು. ಆದರೆ ಒಣಗಲಿಲ್ಲ.

ಪಕ್ಕದ ಮನೆಯ ಗಂಗುಬಾಯಿ ಇಣುಕಿದಳು. "ಇಷ್ಟಕ್ಕ ಯಾಕ ಬೆವರ್ತಿ ತಮ್ಮಾ? ನಮ್ಮ ಹಳ್ಯಾಗ ಕಾಳ ತುಂಬೋ ಹಗೇವಿನ ಹಸಿ ತಗ್ಯಾಕ ಬೆಂಕೀನ ಇಡತಿದ್ರು." ಕೆಂಡ ತುಂಬಿದ ಶಿಗಡಿ ತಂದು, ಮೇಲೆ ಒಂದು ಹಿಡಿ ಬೇವಿನ ಎಲೆ ಉದುರಿಸಿ, ಕಪಾಟಿನ ಕೆಳಗಿನ ಕಲ್ಲಿನ ಮೇಲಿಟ್ಟು ಬಾಗಿಲು ಮುಚ್ಚಿದಳು. "ಒಂದ ತಾಸು. ಹಪ್ಪಳ ಆಗಲಿಲ್ಲಂದ್ರ ನನ್ನ ಹೆಸರ ಗಂಗಿ ಅಲ್ಲ."

ತಿರುಗಿ ಬಂದ ಪುತಳಾಬಾಯಿ ಬಾಗಿಲಲ್ಲೇ ನಿಂತಳು. "ಧಾಡಿ ಏನ ನಿಮಗ? ಹುಣ್ಣ ತೋರಸಾಕಂತ ಡಾಕ್ಟರನ ಕರದು ಹುಣ್ಣಿಗೆ ಪೌಡರ ಬಳದೀರಲ್ಲ!"

ಅಷ್ಟರಲ್ಲಿ ಕಚೇರಿಯ ಕೌಶಿಕ ಸಾಹೇಬರು ಬಂದರು. ಸಣ್ಣ ವಯಸ್ಸು, ಇಸ್ತ್ರಿ ಅಂಗಿ, ಕೈಯಲ್ಲಿ ಫೈಲು. ನೇರ ಕಪಾಟಿಗೆ ಹೋಗಿ ಬಾಗಿಲು ತೆಗೆದರು. ಬೇವು, ಕರ್ಪೂರ, ಕೆಂಡದ ಹೊಗೆ ಒಟ್ಟಿಗೆ ಹೊರಬಿದ್ದು ಸಾಹೇಬರನ್ನು ಆಲಿಂಗಿಸಿತು. ಕೆಮ್ಮುತ್ತಲೇ ನಾಲ್ಕು ಫೋಟೋ ಹೊಡೆದರು.

"ಅಂದ್ರ, ಕಾಗದದಾಗ ಬರದದ್ದು ಖರೇ ಐತಿ!"

ಧೂಳಪ್ಪನ ಜೀವ ಹಗುರಾಯಿತು. "ಖರೇ ಅಂದ್ರ ಖರೇರಿ ಸಾಹೇಬ್ರ! ಎರಡ ವರ್ಷ ಆತ್ರಿ."

"ಎರಡು ವರ್ಷ? ದಿನಾಲೂ?"

"ಬ್ಯಾಸಿಗ್ಯಾಗ ಸಣ್ಣಗ, ಮಳಿಗಾಲದಾಗ ಜೋರ. ಒಂದ ದಿನಾನೂ ಆರಿಲ್ರಿ!"

"ಒಂದು ದಿನವೂ ಆರಿಲ್ಲ," ಎಂದು ಸಾಹೇಬರು ಗಾಬರಿಯಿಂದ ಬರೆದುಕೊಂಡರು. "ಏನರ ಅನಾಹುತ ಆದ್ರ?"

"ಅನಾಹುತ ಆಗೇತ್ರಿ ಸಾಹೇಬ್ರ," ಎಂದಳು ಪುತಳಾಬಾಯಿ. "ನನ್ನ ಹೊಟ್ಟಿಪಾಡ ಹೋಗಾಕತ್ತೈತಿ. ಗ್ವಾಡಿ ಯಾವಾಗ ಒಡೀತೀರಿ?"

"ಗ್ವಾಡಿ ಯಾಕ? ಗ್ವಾಡಿ ಛಲೋ ಸ್ವಚ್ಛ ಐತಿ. ಚೂಲ ತಗೀರಿ ಮೊದಲ. ಕಪಾಟದಾಗ ಚೂಲ ಇಡೋದು ಗುನ್ಹಾ ಐತಿ." ಫೈಲು ತಿರುಗಿಸಿ ತೋರಿಸಿದರು. ಮರಾಠಿಯಲ್ಲಿ ದುಂಡಗೆ ಬರೆದಿತ್ತು: ಕಪಾಟದಲ್ಲಿ ಚೂಲ ಇದೆ.

ಅಕ್ಕಲಕೋಟದ ಪ್ರಸಾದ ಧೂಳಪ್ಪನ ಓಲಿಯನ್ನು ಕನ್ನಡದ ಒಲಿ, ಅಂದರೆ ಒಲೆ, ಎಂದು ಕೇಳಿಸಿಕೊಂಡು, ಅಭಿಮಾನದಿಂದ ಮರಾಠಿಗಿಳಿಸಿ ಚೂಲ ಮಾಡಿದ್ದ.

ಧೂಳಪ್ಪ ಕಾಲು ಹಿಡಿಯುವಷ್ಟು ಬೇಡಿಕೊಂಡ. ಸಾಹೇಬರು, "ಕಾಗದದಾಗ ಇದ್ದದ್ದ ನೋಡಾಕ ಬಂದೆ, ನೋಡಿದೆ," ಎಂದು ಕಣ್ಣೊರೆಸಿಕೊಳ್ಳುತ್ತ ಇಳಿದುಹೋದರು. ಹೊಗೆಯ ಕಣ್ಣೀರು, ಬೇರೆ ಯಾವುದಕ್ಕೂ ಅಲ್ಲ.

ಧೂಳಪ್ಪ ಫೋನು ಹಚ್ಚಿದ. "ಪ್ರಸಾದಪ್ಪಾ, ಒಲಿ ಅಲ್ಲೋ! ಓಲ! ಮರಾಠಿ ಓಲ! ನೀರು!"

"ಅಯ್ಯ ಶಿವನ! ನಂದ ತಪ್ಪಾತು ಮಾಮಾ," ಪ್ರಸಾದ ನಿಜಕ್ಕೂ ನೊಂದುಕೊಂಡ. "ಚಿಂತಿ ಬಿಡ್ರಿ. ಎಲ್ಲಾ ಈಗಿಂದೀಗ ದುರಸ್ತ ಮಾಡ್ತೀನಿ. ಸಂಜೀ ಒಳಗ ಕಾಗದ ನಿಮ್ಮ ಫೋನಿಗೆ ಬರ್ತದ."

"ದುರಸ್ತ ಮಾಡ್ತಾನಂತ!" ಧೂಳಪ್ಪ ಕೂಗಿದ. ಗಂಗುಬಾಯಿ ಶಿಗಡಿ ಹೊರಗೆ ತೆಗೆದು ಅದರ ಮೇಲೆ ಚಹಾ ಇಟ್ಟಳು. ಪುತಳಾಬಾಯಿ ಎಷ್ಟೋ ದಿನಗಳ ಮೇಲೆ ಹುರುಪಿನಿಂದ ಹಿಟ್ಟಿಗೆ ನೀರು ಕಾಯಿಸಿ, ಸಂಜೆಯವರೆಗೆ ರೊಟ್ಟಿ ಬಡಿದು ಕಪಾಟಿನಲ್ಲಿ ಒಟ್ಟಿದಳು.

ಸಂಜೆ ಫೋನು ಗುಂಯ್‌ಗುಟ್ಟಿತು. ಪ್ರಸಾದ ಮಾತಿಗೆ ತಪ್ಪಿರಲಿಲ್ಲ. ಸಾಹೇಬರ ವರದಿಯಿಂದ ಹಿಡಿದು ನೋಟೀಸಿನವರೆಗೆ ಚೂಲ ಅಂತ ಇದ್ದಲ್ಲೆಲ್ಲ, ಒಂದೂ ಬಿಡದೆ, ಓಲ ಅಂತ ದುರಸ್ತಿ ಮಾಡಿದ್ದ. ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದ್ದ ಪುತಳಾಬಾಯಿ ಅಕ್ಷರಕ್ಕಕ್ಷರ ಕೂಡಿಸಿ ಓದಿ, ಗಂಡನಿಗೆ ಕನ್ನಡದಲ್ಲಿ ಹೇಳಿದಳು:

"ಕಪಾಟದಾಗ ಎರಡ ವರ್ಷದಿಂದ ಪರವಾನಗಿ ಇಲ್ಲದ ಓಲ ಇಟ್ಟೀರಿ. ಅಕ್ಕಪಕ್ಕದವರ ಜೀವಕ್ಕ ಧೋಕಾ ಐತಿ. ಏಳ ದಿನದಾಗ ನಿಮ್ಮ ಓಲ ನೀವು ತಗೀರಿ. ಇಲ್ಲಂದ್ರ ಮನಿ ಖಾಲಿ ಮಾಡ್ರಿ."

ಧೂಳಪ್ಪ ಎದ್ದು ಕಪಾಟಿನ ಬಾಗಿಲು ತೆಗೆದ.

ಮೇಲೆ ಜಾನಕೀಬಾಯಿಯ ಬಚ್ಚಲಲ್ಲಿ ಬಕೆಟ್ ಉರುಳಿದ ಸದ್ದಾಯಿತು. ಹೊಸ ಸುಣ್ಣದ ನಡುವೆ, ಮೊದಲು ನಾಣ್ಯದಷ್ಟು, ಆಮೇಲೆ ತಟ್ಟೆಯಷ್ಟು, ಕಪ್ಪು ಕಲೆ ಮೂಡಿತು. ಪುತಳಾಬಾಯಿ ಕಪಾಟಿನಿಂದ ಒಂದು ರೊಟ್ಟಿ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದಳು.

ಸದ್ದು ಬರಲಿಲ್ಲ.